ಕಪ್ಪೆಯ ಹಾಡಿಗಿಂತ ಮೊದಲು ಸನ್ಮಾನ

ನ್ಯೂರೆಂಬರ್ಗಿನಲ್ಲಿ ನಮ್ಮ ಕನ್ನಡ ಸಂಘದ ಮಕ್ಕಳ ಹಬ್ಬಕ್ಕೆ ಹಾಡುಗಾರನನ್ನು ಗೊತ್ತುಮಾಡಿದ್ದು ನಾನು. ಒಂದು ಕಾಲಕ್ಕೆ ಕೌಬಾಯ್ ಟೋಪಿ ಹಾಕಿಕೊಂಡು ಕಂಟ್ರಿ-ಪಾಪ್ ಹಾಡಿ ಟೀವಿಯಲ್ಲಿ ಮಿಂಚಿದ್ದ ಜರ್ಮನ್ ಆತ. ಈಗ ಕಪ್ಪೆಗೊಂಬೆ ಹಿಡಿದು ಮಕ್ಕಳಿಗೆ ಹಾಡುತ್ತಾನೆ. ನನ್ನ ಮಗಳು ತಿಂಗಳಿಂದ ಆ ಕಪ್ಪೆಗಾಗಿ ದಿನ ಎಣಿಸುತ್ತಿದ್ದಳು. ಮೂರರಿಂದ ಮೂರೂಮುಕ್ಕಾಲು, ಅಷ್ಟೇ ಎಂದು ಮೊದಲೇ ಹೇಳಿದ್ದ. ಮೂರಕ್ಕೆ ಸರಿಯಾಗಿ ಬಂದ.

"ಕಲಾವಿದರನ್ನ ಹಂಗ ಹಾಡಸೂದೇನ್ರಿ? ಮೊದಲ ಸನ್ಮಾನ," ಅಂದರು ಧಾರವಾಡದವರಾದ ನಮ್ಮ ಸಂಘದ ಅಧ್ಯಕ್ಷರು. ಅವನ ಜೀವನಚರಿತ್ರೆಯನ್ನು ಅವನಿಗೇ, ಅದೂ ಕನ್ನಡದಲ್ಲಿ, ಅರ್ಧ ತಾಸು ಹೇಳಿದರು. ಆಮೇಲೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಗ್ರೂಪ್ ಫೋಟೊ. ಕೊನೆಗೆ ಒಂದು ಹಾಡಿಗಷ್ಟೇ ಹೊತ್ತು ಉಳಿಯಿತು. ಅದನ್ನು ಹಾಡಿ, ಮೂರೂಮುಕ್ಕಾಲಿಗೆ ಸರಿಯಾಗಿ ಹೊರಟ.

"ಇನ್ನು ಹತ್ತೇ ನಿಮಿಷ," ಎಂದು ಪಾರ್ಕಿಂಗ್‌ವರೆಗೂ ಹೋಗಿ ಗೋಗರೆದೆ.

"ಇನ್ನೊಂದು ಮಗುವಿನ ಬರ್ತ್‌ಡೇ ಇದೆ," ಎಂದು ಜರ್ಮನ್‌ನಲ್ಲಿ ಹೇಳಿ ಪೇಟ ಸರಿಮಾಡಿಕೊಂಡ. "ಟೀವಿಯಲ್ಲಿದ್ದಾಗ ದೊಡ್ಡವರು ನನಗಾಗಿ ಎಷ್ಟು ಹೊತ್ತಾದರೂ ಕಾಯುತ್ತಿದ್ದರು. ಮಕ್ಕಳು ಕಾಯುವುದಿಲ್ಲ."

ಒಳಗೆ ಬಂದರೆ ಮಗಳು ಅಳುತ್ತಿದ್ದಳು. ವೇದಿಕೆಯ ಮೇಲೆ ಅಧ್ಯಕ್ಷರು ವಂದನಾರ್ಪಣೆ ಶುರುಮಾಡಿದ್ದರು. ಮೊದಲ ಹೆಸರು ಹೊರಟುಹೋದ ಹಾಡುಗಾರನದೇ. ಎದ್ದು ನಿಂತು ಎಲ್ಲರಿಗೂ ಮುಖ ತೋರಿಸಬೇಕೆಂದು ವಿನಂತಿ ಬೇರೆ.