ಶಾಕ್ ಹೊಡೆಸಿದವನ ಪರ ಸಾಕ್ಷಿ

ಬಳ್ಳಾರಿ ಪಾರ್ವತಿನಗರದ ನಮ್ಮ ಮನೆಗೆ ವೈರಿಂಗ್ ಮಾಡಿದವನು ಕುರುಗೋಡಿನವನು. ಮೂರು ವರ್ಷದ ಹಿಂದೆ, ಅವನು ಕೆಲಸ ಮುಗಿಸಿ ಹೋದ ಮರುದಿನ, ನಾನು ಒದ್ದೆ ಕೈಯಲ್ಲಿ ಫ್ರಿಜ್ ಬಾಗಿಲು ಹಿಡಿದೆ. ಫ್ರಿಜ್ ನನ್ನನ್ನು ಹಿಡಿಯಿತು. ಅತ್ತೆ ಒನಕೆಯಿಂದ ಮೊಣಕೈಗೆ ಬಾರಿಸಿ ಬಿಡಿಸಿದರು. ಬಿಟ್ಟ ಮೇಲೂ ಇನ್ನೆರಡು ಏಟು ಬಿದ್ದವು. ಅವು ಯಾಕೆಂದು ಇವತ್ತಿಗೂ ಕೇಳಿಲ್ಲ. ಆ ಜುಮುಜುಮು ಈಗಲೂ ಬೆರಳಿಗೆ ಬರುತ್ತದೆ. ಕಾಲೇಜಿನಲ್ಲಿ ಪಾಠಕ್ಕೆ ಹೋದರೆ ಫ್ಯಾನ್ ಹಾಕಲು ವಿದ್ಯಾರ್ಥಿಗಳಿಗೇ ಹೇಳುತ್ತೇನೆ.

ಆ ಕೆಲಸ ಮಾಡಿದ ದಿನ ಅವನು ಕುಡಿದಿದ್ದ. ಆಮೇಲೆ ಸಿರುಗುಪ್ಪದಲ್ಲಿ ನಡೆದ ಮದ್ಯವರ್ಜನ ಶಿಬಿರಕ್ಕೆ ಸೇರಿದ, ಮತ್ತೆ ಮುಟ್ಟಲಿಲ್ಲ. ಶಿಬಿರದವರು ಕೊಟ್ಟ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿ, ವೈರ್‌ಮನ್ ಪರ್ಮಿಟ್ ನವೀಕರಣದ ಅರ್ಜಿಯ ಜೊತೆ ಹೆಮ್ಮೆಯಿಂದ ಲಗತ್ತಿಸಿದ. ಯಾರೂ ಕೇಳಿರಲಿಲ್ಲ. ಅವನು ಕುಡಿಯುತ್ತಿದ್ದನೆಂದು ಪರ್ಮಿಟ್ ಕೊಡುವ ಬಳ್ಳಾರಿಯ ಕಚೇರಿಗೆ ಗೊತ್ತಾದದ್ದೇ ಅದರಿಂದ. ‘ಮದ್ಯವ್ಯಸನಿ’ ಎಂದು ಬರೆದು ಅರ್ಜಿ ತಿರಸ್ಕರಿಸಿದರು. ಕುಡಿಯುತ್ತಿದ್ದಷ್ಟು ಕಾಲ ಪರ್ಮಿಟ್ ತಪ್ಪದೆ ಸಿಕ್ಕಿತ್ತು.

ಪರ್ಮಿಟ್ ಇಲ್ಲದೆ ಸಿರುಗುಪ್ಪ ಕಡೆಯ ಕರೂರಿನಲ್ಲಿ ಹೆಂಡತಿಯ ತವರಿನವರ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ. ಕೆಸರಲ್ಲಿ ನಿಂತರೂ ಕಣ್ಣು ಕರೆಂಟ್ ಕಂಬದ ಮೇಲೇ ಎಂದು ಅವಳು ಬೈಯುತ್ತಿದ್ದಳಂತೆ. ಕೊನೆಗೆ ಮೇಲ್ಮನವಿ ಹಾಕಿದ. ಕೆಲಸ ಮಾಡಿಸಿಕೊಂಡವರೊಬ್ಬರು ಬಂದು ಹೇಳಿದರೆ ಒಳ್ಳೆಯದು ಎಂದು ಯಾರೋ ಅಂದಿದ್ದರಿಂದ ನಮ್ಮ ಮನೆಗೆ ಬಂದ.

“ನಿನ್ನಿಂದ ನಾ ಸಾಯಬೇಕಾಗಿತ್ತಲ್ಲೋ,” ಎಂದೆ.

“ಅದಕ್ಕ ನೀವ ಬೇಕ್ರಿ ಅಕ್ಕಾರ. ಶಾಕ್ ಹೊಡಸ್ಕೊಂಡವ್ರು ಹೇಳಿದ್ರ ಯಾರಾದ್ರೂ ನಂಬ್ತಾರ.”

ಎರಡು ಒಳ್ಳೆಯ ಮಾತು ಹೇಳಿ ಬರೋಣವೆಂದೇ ವಿಚಾರಣೆಗೆ ಹೋದೆ. ಅಧಿಕಾರಿ ‘ಏನಾಯಿತು’ ಎಂದು ಕೇಳಿದ್ದೇ ತಡ, ನನ್ನ ಕೈ ತನ್ನಷ್ಟಕ್ಕೆ ಅವರ ಬೀರುವಿನ ಹಿಡಿಕೆಗೆ ಹೋಯಿತು. ಹಿಡಿದದ್ದು, ನಡುಗಿದ್ದು, ಒನಕೆ ಬಿದ್ದದ್ದು, ಎಲ್ಲವನ್ನೂ ಮಾಡಿ ತೋರಿಸಿದೆ. ಮುಗಿಸುವಷ್ಟರಲ್ಲಿ ಪಕ್ಕದ ಕೋಣೆಯ ಗುಮಾಸ್ತರೆಲ್ಲ ಬಾಗಿಲಲ್ಲಿ ನಿಂತಿದ್ದರು.

“ಮೇಡಂ, ನೀವು ಇವನ ಕಡೆ ಸಾಕ್ಷಿನೋ, ನಮ್ಮ ಕಡೆನೋ?” ಎಂದರು ಅಧಿಕಾರಿ.

ಒಬ್ಬನ ಅನ್ನಕ್ಕೆ ನಾನೇ ಕಲ್ಲು ಹಾಕಿದ್ದೆ. ಅವನು ಎದ್ದು ನಿಂತ.

“ಅವ್ರು ಹೇಳಿದ್ದು ಖರೇರಿ. ಅರ್ಥಿಂಗ್ ಕೊಟ್ಟಿದ್ದಿಲ್ಲ. ಕೊಟ್ಟೀನಿ ಅಂತ ಸುಳ್ಳ ಹೇಳಿ ಹೋಗಿದ್ದೆ.”

ಶಿಬಿರದಿಂದ ಬಂದ ಮೇಲೆ, ಪರ್ಮಿಟ್ ಮುಗಿಯುವುದರೊಳಗೆ, ಕುಡಿದು ಕೆಲಸ ಮಾಡಿದ ಮನೆಗಳನ್ನೆಲ್ಲ ನೆನಪಿಸಿಕೊಂಡು ಹೋಗಿ ಸರಿಮಾಡಿದ್ದನಂತೆ. ನಮ್ಮ ಮನೆಗೆ ಮಾತ್ರ, ಅತ್ತೆಗೆ ಹೆದರಿ, ಬಂದಿರಲಿಲ್ಲವಂತೆ.

ಅಧಿಕಾರಿ ಅದನ್ನೂ ಫೈಲಿನಲ್ಲಿ ಬರೆದುಕೊಂಡರು. ಪರ್ಮಿಟ್ ಕೊಡಬಹುದು, ಆದರೆ ಮೊದಲ ಕೆಲಸ ಕಚೇರಿಯವರ ಎದುರಿಗೆ ಆಗಬೇಕು, ಅದಕ್ಕೆ ಯಾರಾದರೂ ಮನೆ ಕೊಡಬೇಕು ಎಂದರು. ಗುಮಾಸ್ತರೂ ಸೇರಿ ಎಲ್ಲರೂ ನನ್ನನ್ನೇ ನೋಡಿದರು.

“ಗೀಸರ್ ಕೂಡ್ಸೋದೈತಿ,” ಎಂದುಬಿಟ್ಟೆ. “ಆದ್ರ ಮೇನ್ ನಾನ ಆಫ್ ಮಾಡ್ತೀನಿ.”

“ಮಾಡ್ರಿ ಅಕ್ಕಾರ,” ಎಂದ. “ಆದ್ರೂ ನಾ ಒಮ್ಮೆ ಟೆಸ್ಟರ್ ಹಚ್ಚಿ ನೋಡಿನ ಕೈ ಹಾಕ್ತೀನಿ.”

ಅಧಿಕಾರಿ ಎರಡನ್ನೂ ಆದೇಶದಲ್ಲಿ ಬರೆಸಿದರು.