ಕಮಲಕ್ಕನ ಪಕ್ಕದ ಮನೆಯ ರೇಟು

ಈ ಮಲೆನಾಡಿನ ಊರಲ್ಲಿ ಯಾರನ್ನಾದರೂ ‘ಆ ಮನೆ ಎಷ್ಟಕ್ಕೆ ಹೋಯಿತು?’ ಎಂದು ಕೇಳಿ ನೋಡಿ. ಕಾಫಿ ಬರುತ್ತದೆ. ಇನ್ನೊಮ್ಮೆ ಕೇಳಿದರೆ ಹಲಸಿನ ಹಪ್ಪಳವೂ ಬರುತ್ತದೆ. ರೇಟು ಮಾತ್ರ ಬರುವುದಿಲ್ಲ. ಗದಗಿನ ನಮ್ಮ ಓಣಿಯಲ್ಲಿ ಮನೆ ಕೊಂಡವನು ಚಹಾದಂಗಡಿಯಲ್ಲಿ ನಿಂತು ರೇಟು ಸಾರದಿದ್ದರೆ, ಕದ್ದ ದುಡ್ಡಿರಬೇಕು ಎಂದು ಓಣಿಯವರಾದ ನೀವೇ ಅನ್ನುವವರಲ್ಲವೇ?

ನರಸಿಂಹರಾಜಪುರಕ್ಕೆ ನಾನು ನರ್ಸ್ ಆಗಿ ಬಂದದ್ದು ಎರಡು ಸಾವಿರದ ಮೂರರಲ್ಲಿ. ಹಿಂದೆ ತರೀಕೆರೆಯಿಂದ ಇಲ್ಲಿಗೆ ಪುಟ್ಟ ರೈಲು ಬರುತ್ತಿತ್ತಂತೆ. ಈಗ ಹಳಿಯಿಲ್ಲ, ಮುದುಕರ ಬಾಯಲ್ಲಿ ‘ಟ್ರಾಮು’ ಎಂಬ ಹೆಸರಷ್ಟೇ ಇದೆ. ಗ್ಯಾಂಗ್‌ಮನ್ನನ ಮಗಳಾದ ನನಗೆ ರೈಲಿನ ಕೂಗಿಲ್ಲದೆ ಹೊತ್ತೇ ತಿಳಿಯುತ್ತಿರಲಿಲ್ಲ. ಮಾತಾಡುವವರಿಲ್ಲವೆಂದು ರೇಡಿಯೋ ಹಚ್ಚಿಟ್ಟು ಊಟ ಮಾಡುತ್ತಿದ್ದೆ. ಕೆಲವು ದಿನ ತಟ್ಟೆಯ ಮುಂದೆ ಕೂತು ಅತ್ತದ್ದೂ ಉಂಟು.

ನನ್ನ ಪಾಲಿಗೆ ಊರೆಂದರೆ ಕಮಲಕ್ಕ ಒಬ್ಬಳೇ. ನನ್ನ ಬಾಡಿಗೆ ಕೋಣೆಯ ಒಡತಿ. ಹತ್ತಿರದ ಕಡಹಿನಬೈಲಿನಲ್ಲಿ ಸ್ವಲ್ಪ ತೋಟವಿದ್ದ ವಿಧವೆ. ಮಗಳನ್ನು ಶೃಂಗೇರಿಗೆ ಕೊಟ್ಟಿದ್ದಳು. ಸೊಪ್ಪು ಅರೆದು ಮಜ್ಜಿಗೆಗೆ ಕದಡುವ ತಂಬುಳಿಯನ್ನು ಅವಳು ನನಗೆ ಕಲಿಸಿದಳು. ನಾನು ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಹೋದೆ. “ಈ ಹಿಟ್ಟು ನನ್ನ ಮಾತು ಕೇಳೋದಿಲ್ಲ ಮಾರಾಯ್ತಿ” ಎಂದು ಅವಳು ಕೈಚೆಲ್ಲಿದಾಗ, ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬ ನಕ್ಕೆ.

ಅವಳ ಗೋಡೆಗೆ ಗೋಡೆ ಹೊಂದಿದ ಹೆಂಚಿನ ಮನೆಯೊಂದು ಖಾಲಿಯಿತ್ತು. ಒಡೆಯರು ಕೊಪ್ಪದಲ್ಲಿದ್ದ ನಿವೃತ್ತ ಮೇಷ್ಟ್ರು. ಮಾರುತ್ತಾರಂತೆ ಎಂದು ಕಮಲಕ್ಕನೇ ಹೇಳಿದಳು, ಕೀಲಿ ತೆಗೆದು ತೋರಿಸಿದವಳೂ ಅವಳೇ. ಹೊಸ್ತಿಲಲ್ಲಿ ನಿಂತು ಬಾಗಿಲನ್ನು ಮುಟ್ಟಿ ನೋಡಿದೆ. ಅಪ್ಪ ರಿಟೈರಾದ ತಿಂಗಳೇ ನಮ್ಮನ್ನು ರೈಲ್ವೆ ಕ್ವಾರ್ಟರ್ಸಿನಿಂದ ಎಬ್ಬಿಸಿದ್ದರು. ನಮ್ಮ ವಂಶದಲ್ಲಿ ಒಂದು ಬಾಗಿಲೂ ನಮ್ಮದಾಗಿರಲಿಲ್ಲ. ಈ ಮನೆ ಸಿಕ್ಕರೆ ಬಾಗಿಲೂ ನನ್ನದು, ಪಕ್ಕದಲ್ಲಿ ಕಮಲಕ್ಕನೂ ಇರುತ್ತಾಳೆ.

ಊರೆಲ್ಲ ರೇಟು ಕೇಳುತ್ತ ತಿರುಗಿದೆ. ಪೇಟೆ ಬೀದಿಯಲ್ಲಿ ಆಗಷ್ಟೇ ಮಾರಾಟವಾದ ಮನೆಗಳದ್ದು, ಹಳೇ ಟ್ರಾಮು ದಾರಿಯ ಕಡೆಯದ್ದು. “ಎಂತದೋ ಆಯ್ತು, ಕೊಟ್ರು” ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ನಾನು ಬ್ರೋಕರ್ ಎಂಬ ಸುದ್ದಿಯೂ ಹಬ್ಬಿತು. ಕಡೆಗೆ, ಬೇರೆ ಯಾರಾದರೂ ಹಾರಿಸಿಕೊಂಡು ಹೋದಾರು ಎಂಬ ಭಯಕ್ಕೆ, ಒಂದು ರಜೆಯ ದಿನ ಕೊಪ್ಪದ ಬಸ್ಸು ಹತ್ತಿದೆ. ಮೇಷ್ಟ್ರು ಮೂರು ಲಕ್ಷ ಎಂದರು. ಚೌಕಾಶಿಯನ್ನೇ ಮಾಡದೆ ಒಪ್ಪಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಕಮಲಕ್ಕಂಗೆ ಗೊತ್ತಿದ್ಯಾ?”

“ಅವರೇ ತೋರಿಸಿದ್ದು ಸರ್” ಎಂದೆ. ಅವರು ಅಡ್ವಾನ್ಸ್ ತೆಗೆದುಕೊಂಡರು.

ಎಸ್‌ಟಿಡಿ ಬೂತಿನಿಂದ ಅವ್ವನಿಗೆ ಫೋನು ಮಾಡಿದೆ. “ಎಷ್ಟಕ್ಕ ಬಿತ್ತವಾ?” ಎಂದಳು. ಹೇಳಿದ್ದೇ ತಡ, ಅಲ್ಲಿಂದಲೇ ಓಣಿಗೆ ಕೂಗಿ ಸಾರಿದಳು. ನಿಮ್ಮೆಲ್ಲರ ಗದ್ದಲ ನನಗೆ ಕೇಳಿಸಿತು. ಹಿಗ್ಗಿ ಹೀರೇಕಾಯಿಯಾದೆ.

ಕಮಲಕ್ಕನಿಗೆ ಹೇಳಿದಾಗ ಅವಳು ಅಡಿಕೆ ಸುಲಿಯುತ್ತಿದ್ದಳು. “ಒಳ್ಳೇದಾಯ್ತು” ಎಂದಳು. ಕಾಫಿ ಕೊಟ್ಟಳು. ಹಪ್ಪಳವನ್ನೂ ಕೊಟ್ಟಳು. ಅಂದಿನಿಂದ ನನಗೆ ‘ಮಾರಾಯ್ತಿ’ ಹೋಗಿ ‘ಸಿಸ್ಟರ್’ ಬಂತು.

ಕಾರಣ ಹೇಳಿದ್ದು ಆಸ್ಪತ್ರೆಯ ಆಯಾ. ಇಲ್ಲಿ ಮನೆ ಮಾರುವಾಗ ಮೊದಲ ಮಾತು ಗೋಡೆ ಹಂಚಿಕೊಂಡವರದ್ದು. ಅದು ಕಾಗದದಲ್ಲಿ ಇರುವುದಿಲ್ಲ. ಹೋಗಿ ಬಂದು, ಕಾಫಿ ಕುಡಿದು, ವರ್ಷಗಟ್ಟಲೆ ಹಣ್ಣಾಗುವ ಮಾತು. ಶೃಂಗೇರಿಯ ಲಾಡ್ಜೊಂದರಲ್ಲಿ ದುಡಿಯುವ ಅಳಿಯನನ್ನೂ ಮಗಳನ್ನೂ ಪಕ್ಕದಲ್ಲಿ ತಂದಿಟ್ಟುಕೊಳ್ಳಲು ಕಮಲಕ್ಕ ಎರಡು ವರ್ಷದಿಂದ ಆ ಮಾತು ನಡೆಸಿದ್ದಳು. ಕೀಲಿ ಅವಳ ಬಳಿ ಇದ್ದದ್ದೂ ಅದಕ್ಕೇ. ನಾನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿ ಬಂದಿದ್ದೆ.

ಅಡ್ವಾನ್ಸ್ ವಾಪಸು ಕೇಳಬಹುದಿತ್ತು. ಕೇಳಲಿಲ್ಲ. ಬಾಗಿಲಿನ ಆಸೆ ದೊಡ್ಡದಾಯಿತು, ಇದನ್ನು ನಿಮ್ಮೆದುರು ಮುಚ್ಚಿಡಲಾರೆ.

ಗೃಹಪ್ರವೇಶಕ್ಕೆ ಕಮಲಕ್ಕ ಬಂದಳು. ಎಲ್ಲರೂ ಹೋದ ಮೇಲೆ, ಹೊಸ ಅಡುಗೆಮನೆಯಲ್ಲಿ ಕೇಳಿಯೇಬಿಟ್ಟೆ: “ಒಂದು ಮಾತು ಹೇಳಬಹುದಿತ್ತಲ್ಲ ಅಕ್ಕಾ?”

“ನೀವು ಊರಿಡೀ ಕೇಳಿದ್ರಿ ಸಿಸ್ಟರ್, ರೇಟು ಎಷ್ಟು ಅಂತ” ಎಂದಳು ಕಮಲಕ್ಕ. “‘ನಿಮಗೆ ಬೇಕಾ’ ಅಂತ ನನ್ನನ್ನ ಒಂದು ಸಲವೂ ಕೇಳ್ಲಿಲ್ಲ.”

‘ನಮ್ಮ ಹುಡುಗಿಗೆ ಮಲೆನಾಡಿನಲ್ಲಿ ಸ್ವಂತ ಮನೆಯಿದೆ’ ಎಂದು ಅವ್ವ ಈಗಲೂ ನಿಮಗೆಲ್ಲ ಹೇಳಿಕೊಂಡು ಬರುತ್ತಾಳಂತೆ. ಇದೆ. ಗೋಡೆಯಾಚೆ ಕಮಲಕ್ಕ ಒಬ್ಬಳೇ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತದೆ. ಈಗ ಅವಳಿಗೆ ಚೆನ್ನಾಗಿ ಬರುತ್ತದೆ.