ಬೆಂಕಿಯಿಲ್ಲದ ಮದುವೆ

ಚಿಕ್ಕಮ್ಮನ ಮದುವೆ ನಡೆದದ್ದು ಟಿ. ನಗರದ ಹೋಟೆಲಿನ ಮಾಳಿಗೆಯಲ್ಲಿ. ಕೆಳಗೆ ಗಿರಾಕಿಗಳು ಎಂದಿನಂತೆ ದೋಸೆ ತಿನ್ನುತ್ತಿದ್ದರು. ಮೇಲೆ ನಾನು ಹೊಸ ಲಂಗ ಹರವಿಕೊಂಡು, ಅರೆನಿದ್ದೆಯಲ್ಲಿ, ಮಂಟಪದ ಕಾಲಿಗೆ ಒರಗಿ ಕುಳಿತಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಮೊದಲು ಬರುವುದು ಒಂದು ಸದ್ದು. ಗಿಂಡಿಯಿಂದ ಇಳಿದ ನೀರು ಇಬ್ಬರ ಜೋಡಿಸಿದ ಕೈಗಳ ಮೇಲೆ ಹರಿದು ಹರಿವಾಣಕ್ಕೆ ಬೀಳುವ ಸದ್ದು. ಎರೆದವರು ಅವಳ ಸೋದರಮಾವ. ನೀರು ನಿಂತಾಗ ಚಿಕ್ಕಮ್ಮ ಹೆಂಡತಿಯಾಗಿದ್ದಳು. ಕರಾವಳಿಯ ನಮ್ಮವರಲ್ಲಿ ಧಾರೆ ಎರೆದರೆ ಮದುವೆ ಮುಗಿಯಿತು. ಹೋಮವಿಲ್ಲ, ಸಪ್ತಪದಿಯಿಲ್ಲ. ಅವು ಇಲ್ಲವೆಂಬುದೇ ನಮಗೆ ಹೊಳೆದಿರಲಿಲ್ಲ.

ಹೊಳೆಯುವಂತೆ ಮಾಡಿದವರು ಚಿಕ್ಕಪ್ಪನ ಸ್ವಂತ ಅಣ್ಣ. ಚಿಕ್ಕಪ್ಪ ತೀರಿಕೊಂಡ ಮೇಲೆ, ಅಡ್ಯಾರಿನ ಮನೆ ತನಗೆ ಸೇರಬೇಕು, ಈಕೆ ತಮ್ಮನ ಜೊತೆ ಇದ್ದವಳೇ ಹೊರತು ಹೆಂಡತಿಯಲ್ಲ ಎಂದು ದಾವೆ ಹಾಕಿದರು. ಮಕ್ಕಳಿರಲಿಲ್ಲ. ಮದುವೆಯನ್ನು ನೋಂದಣಿ ಮಾಡಿಸಿರಲಿಲ್ಲ. ನಮ್ಮಲ್ಲಿದ್ದದ್ದು ಮದುವೆಯ ಆಲ್ಬಮ್ ಒಂದೇ. ಅದನ್ನು ದೊಡ್ಡ ಸಾಕ್ಷಿಯೆಂದು ನಾವೇ ಬೀಗುತ್ತ ಕೋರ್ಟಿಗೆ ಕೊಟ್ಟೆವು. ಎದುರು ವಕೀಲರು ಒಂದೊಂದೇ ಪುಟ ತಿರುವಿ, ಇದರಲ್ಲಿ ಅಗ್ನಿ ಎಲ್ಲಿದೆ, ಏಳು ಹೆಜ್ಜೆ ಎಲ್ಲಿದೆ ಎಂದು ಕೇಳಿದರು. ಹಿಂದೂ ಮದುವೆಯೆಂದರೆ ಅದೇ ಎಂದು ಅವರು ಅಷ್ಟು ಖಚಿತವಾಗಿ ಹೇಳಿದಾಗ ನನಗೂ ಒಂದು ಕ್ಷಣ, ನಾನು ಕಂಡದ್ದು ನಿದ್ದೆಗಣ್ಣಿನ ಕನಸೇ ಇರಬೇಕು ಅನ್ನಿಸಿತು.

ಚಿಕ್ಕಮ್ಮ ಸಾಕ್ಷಿ ಹೇಳುವ ಹಿಂದಿನ ಸಂಜೆ ನಾವೆಲ್ಲ ಅವಳ ಮನೆಯಲ್ಲಿ ಸೇರಿದ್ದೆವು. ನನ್ನ ಅಮ್ಮ ಅವಳಿಗೆ ಅಕ್ಕ, ಜೊತೆಗೆ ಕೇಳದೆಯೇ ಸಲಹೆ ಕೊಡುವ ಪುಕ್ಕಟೆ ವಕೀಲೆ.

"ಏಳು ಹೆಜ್ಜೆ ತುಳಿದಿದ್ದೇವೆ ಅಂತ ಹೇಳಿಬಿಡು ಮಾರಾಯ್ತಿ. ಫೋಟೋದವ ಆಗ ಊಟಕ್ಕೆ ಹೋಗಿದ್ದ ಅಂದ್ರೆ ಆಯ್ತು."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಆಗಿಹೋದ ಮದುವೆಗೆ ಒಂದೇ ಸುಳ್ಳು ಸಾಕಿತ್ತು, ನಾನೂ ತಲೆಯಾಡಿಸಿದೆ. ಕಾನೂನು ಓದುತ್ತಿರುವ ನನ್ನ ಮಗಳಿಗೆ ಮಾತ್ರ ಸಿಟ್ಟು ಬಂತು. ಸಿಟ್ಟು ಬಂದರೆ ಅವಳ ಕನ್ನಡಕ್ಕೆ ತಮಿಳಿನ ಬಾಲ ಬೆಳೆಯುತ್ತದೆ.

"ಕೋರ್ಟಿಗೆ ಯಾಕಮ್ಮಾ ಬೆಂಕಿ, ನೀರು ಎಲ್ಲ? ಅವರವರ ಜಾತಿ ಪದ್ಧತಿ ನೋಡ್ತಾ ಕೂತ್ರೆ ಮುಗಿಯುತ್ತಾ? ಎಲ್ಲಾರುಕ್ಕೂ ಒಂದೇ ಕಾನೂನು. ರಿಜಿಸ್ಟರ್ ಆಗಿದ್ಯಾ ಇಲ್ವಾ, ಅಷ್ಟೇ."

ಚಿಕ್ಕಮ್ಮ ಬೀನ್ಸಿನ ನಾರು ತೆಗೆಯುತ್ತಿದ್ದಳು. "ಹಾಗೆ ನೋಡಿದ್ರೆ ನಾನು ಈಗಲೇ ಸೋತೆ ಅಲ್ವಾ ಮಗಾ," ಅಂದಳು.

ಕೋರ್ಟಿನ ಕೋಣೆಯಲ್ಲಿ ಎತ್ತರದ ಚಾವಣಿಯಿಂದ ಉದ್ದ ಕೋಲಿನ ಫ್ಯಾನುಗಳು ಇಳಿಬಿದ್ದಿದ್ದವು. ಅವು ತಿರುಗುವುದನ್ನು ನೋಡುತ್ತ ಕೂತರೆ ಯಾವ ವರ್ಷದಲ್ಲಿದ್ದೇವೆ ಅನ್ನುವುದು ಮರೆತುಹೋಗುತ್ತಿತ್ತು. ಕಿಟಕಿಯಿಂದ ಸಮುದ್ರದ ಉಪ್ಪುಗಾಳಿ ಬರುತ್ತಿತ್ತು. ಆ ಗಾಳಿಯಲ್ಲಿ ಎಲ್ಲೋ ಒಂದು ಕಡೆ ನೀರು ಸುರಿಯುತ್ತಿದೆ ಎಂದೇ ನನಗೆ ಭಾಸ. ಚಿಕ್ಕಮ್ಮ ಕಟಕಟೆಯಲ್ಲಿ ನಿಂತದ್ದು, ಪ್ರಮಾಣ ಮಾಡಿದ್ದು, ಎಲ್ಲವೂ ದೂರದಲ್ಲಿ ನಡೆದಂತಿತ್ತು. ಅಮ್ಮ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಾಗಲೇ ನಾನು ಇತ್ತ ಬಂದದ್ದು.

"ಬೆಂಕಿ ಇರ್ಲಿಲ್ಲ," ಎಂದು ಚಿಕ್ಕಮ್ಮ ಹೇಳುತ್ತಿದ್ದಳು. "ಹೆಜ್ಜೆಯೂ ತುಳೀಲಿಲ್ಲ. ಮಾವ ನೀರೆರೆದರು."

ಎದುರು ವಕೀಲರು ತೃಪ್ತರಾಗಿ ಕುಳಿತರು. ಅಮ್ಮ ನನ್ನ ಕೈ ಬಿಟ್ಟಳು.

ಆಮೇಲಿನ ವಾಯಿದೆಯಲ್ಲಿ ಚಿಕ್ಕಪ್ಪನ ಅಣ್ಣನ ಸರದಿ. ಅವರ ಹೆಂಡತಿ, ಅಂದರೆ ಚಿಕ್ಕಮ್ಮನ ವಾರಗಿತ್ತಿ, ಹಿಂದಿನ ಬೆಂಚಿನಲ್ಲಿ ನೀರಿನ ಬಾಟಲಿ ಹಿಡಿದು ಕುಳಿತಿದ್ದರು. ವಕೀಲರ ಪ್ರಶ್ನೆಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶೆ ಕನ್ನಡಕ ತೆಗೆದು, ತಾವೇ ತಮಿಳಿನಲ್ಲಿ ಕೇಳಿದರು.

"ನಿಮ್ಮ ಮದುವೆಯಲ್ಲಿ ಅಗ್ನಿ ಇತ್ತೇ?"

ಕಟಕಟೆಯಲ್ಲಿದ್ದ ಅವರು ತಮ್ಮ ವಕೀಲರ ಕಡೆ ನೋಡಿದರು. ವಕೀಲರು ಕಾಗದಗಳಲ್ಲಿ ಏನನ್ನೋ ಹುಡುಕತೊಡಗಿದ್ದರು.

"ಇಲ್ಲ. ನಮ್ಮಲ್ಲಿ ಧಾರೆ."

"ಏಳು ಹೆಜ್ಜೆ?"

"ಇಲ್ಲ."

"ಹಾಗಾದರೆ ಹಿಂದೆ ಕುಳಿತಿರುವ ಅವರು ನಿಮಗೆ ಏನಾಗಬೇಕು?"

ಫ್ಯಾನು ತಿರುಗಿತು. ಅವರು ತಿರುಗಿ ಹೆಂಡತಿಯನ್ನು ನೋಡಿದರು, ನಾವೆಲ್ಲರೂ ನೋಡಿದೆವು. ಆಕೆ ತಲೆ ತಗ್ಗಿಸಿರಲಿಲ್ಲ. ಗಂಡ ಏನು ಹೇಳುತ್ತಾನೋ ಎಂದು ನೆಟ್ಟ ನೋಟದಲ್ಲಿ ಕಾಯುತ್ತಿದ್ದರು. ತಾನು ಕೂತ ಕೊಂಬೆಗೇ ಕೊಡಲಿ ಹಾಕಿದ್ದೇನೆಂದು ಆ ಮನುಷ್ಯನಿಗೆ ಆಗ ತಿಳಿದಿರಬೇಕು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದು, ಆಕೆಯ ಬಗ್ಗೆ ವಿಪರೀತ ಸಂಕಟವಾಯಿತು.

"ಹೆಂಡತಿ," ಅಂದರು.

ದಾಖಲಾಗಬೇಕು, ಗಟ್ಟಿಯಾಗಿ ಹೇಳಿ ಎಂದರು ನ್ಯಾಯಾಧೀಶೆ. ಅವರು ಇನ್ನೊಮ್ಮೆ ಹೇಳಿದರು.

ತೀರ್ಪು ಬರಲು ಮಳೆಗಾಲವೊಂದು ಕಳೆಯಿತು. ಎರಡೂ ಕುಟುಂಬಗಳ ಪದ್ಧತಿಯಲ್ಲಿ ಧಾರೆಯೇ ಮದುವೆ, ಆದ್ದರಿಂದ ಮದುವೆ ಸಿಂಧು, ಮನೆ ಚಿಕ್ಕಮ್ಮನದು ಎಂದಿತ್ತು. ಮಗಳು ಚಿಕ್ಕಮ್ಮನ ಜಗುಲಿಯಲ್ಲಿ ಕೂತು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿದಳು. ಓದಿ ಮುಗಿಸಿದರೂ ಅವಳಿಗೆ ಸಮಾಧಾನವಿಲ್ಲ.

"ಈ ಸಲ ಸರಿ. ನಾಳೆ ಇದೇ ಥರ ಒಂದು ಪದ್ಧತಿ, ಹೆಂಗಸನ್ನ ಹೊರಗೆ ಹಾಕು ಅಂದ್ರೆ? ಆಗಲೂ ಕೋರ್ಟು ಕೇಳ್ಬೇಕಾ?"

ಇವತ್ತಿಗೂ ಬಸ್ಸಿನ ಕಿಟಕಿ ಪಕ್ಕ ಸೀಟು ಸಿಕ್ಕಿದಾಗ ಅದನ್ನೇ ಯೋಚಿಸುತ್ತೇನೆ, ಉತ್ತರ ಬರುವ ಮೊದಲೇ ಇಳಿಯುವ ಜಾಗ ಬರುತ್ತದೆ.

ಚಿಕ್ಕಮ್ಮ ನಮ್ಮ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. "ಹೆಂಡತಿ ಅಂತ ಬರೆದದ್ದುಂಟಲ್ಲ ಮಗಾ, ಅದೊಂದು ಇನ್ನೊಮ್ಮೆ ಓದು," ಅಂದಳು. ಮಗಳು ಓದಿದಳು. ಚಿಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜಗಳು ಅಲುಗಿದವು. ಹೆದರಿದ ಮಗಳು ಕಾಗದ ಕೆಳಗಿಟ್ಟು ಅವಳನ್ನು ಹಿಡಿದುಕೊಂಡಳು.

"ಬಿಡು, ಅಳ್ತೇನೆ," ಅಂದಳು ಚಿಕ್ಕಮ್ಮ. "ಅವರು ಹೋದ ದಿನ ಅವರಣ್ಣ ಅಳ್ಲಿಕ್ಕೆ ಬಿಡ್ಲಿಲ್ಲ. ನೀನು ಯಾರು ಅಂತ ಕೇಳಿದ್ರು."